ಕಾಯಕವೂ ಯಜಮಾನಧರ್ಮವೂ

ಕಾಯಕವು ಯಾರ ಧರ್ಮ? ದುಡಿಯುವವನಿಗೆ ಮಾತ್ರ ವಿಹಿತವಾದುದೋ, ದುಡಿಸುವವನಿಗೂ ಸಲ್ಲತಕ್ಕದ್ದೋ? ಕೂಲಿಯವನು ತನ್ನ ಕೊರತೆಯನ್ನು ಹೇಳಿಕೊಂಡೊಡನೆ ‘ಕಾಯಕದಲ್ಲಿ ನಿಷ್ಠೆಯಿರಲಿ’ ಎಂದು ಬಾಯಿ ಮುಚ್ಚಿಸುವ ಯಜಮಾನರು ನಮ್ಮಲ್ಲಿ ಇಲ್ಲದಿಲ್ಲ. ಶರಣರ ತತ್ತ್ವವನ್ನು ಹೀಗೆ ಕೆಳಗಿರುವವನ ಹೆಗಲ ಮೇಲಷ್ಟೇ ಹೊರಿಸುವುದು ನ್ಯಾಯವೇ ಎಂಬುದನ್ನು ಒಂದು ದೃಷ್ಟಾಂತದ ಮೂಲಕ ವಿಚಾರಿಸೋಣ.

ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಫ್ರೀಮಾಂಟ್ ಎಂಬ ಊರುಂಟು. ಅಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಮೋಟಾರು ಕಾರ್ಖಾನೆಯೊಂದಿತ್ತು. ಬಿಡಿಭಾಗಗಳನ್ನು ಜೋಡಿಸುವ ಸಾಲು ಯಾವ ಕಾರಣಕ್ಕೂ ನಿಲ್ಲಕೂಡದೆಂಬುದು ಮೇಲಿನವರ ಕಟ್ಟಳೆ. ತಪ್ಪು ಕಣ್ಣಿಗೆ ಬಿದ್ದರೂ ವಾಹನವು ಮುಂದಕ್ಕೆ ಸಾಗುತ್ತಿತ್ತು, ದುರಸ್ತಿಯೆಲ್ಲ ಕಡೆಯಲ್ಲಿ. ಕೆಲಸಗಾರರೂ ಬೇಸತ್ತಿದ್ದರು. ಹೇಳದೆ ಕೇಳದೆ ಗೈರುಹಾಜರಾಗುವವರು, ಕುಡಿದು ಬರುವವರು ಅನೇಕರು. ಕಾರ್ಮಿಕ ಸಂಘಕ್ಕೂ ಆಡಳಿತಕ್ಕೂ ನಿತ್ಯ ಕಲಹ. ಕಡೆಗೆ 1982ರಲ್ಲಿ ಕಾರ್ಖಾನೆಯು ಮುಚ್ಚಿತು. ಅಲ್ಲಿನ ಜನರೇ ಕೆಟ್ಟವರೆಂಬ ಅಪಕೀರ್ತಿಯು ಉಳಿಯಿತು.

1984ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆಯು ಜನರಲ್ ಮೋಟರ್ಸಿನೊಡನೆ ಪಾಲುಗೂಡಿ ಅದೇ ಕಟ್ಟಡದಲ್ಲಿ ‘ನುಮ್ಮಿ’ ಎಂಬ ಹೆಸರಿನಿಂದ ಕೆಲಸವನ್ನು ಪುನಃ ಆರಂಭಿಸಿತು. ಸೇರಿದವರಲ್ಲಿ ಬಹುಪಾಲು ಹಳೆಯ ಕೆಲಸಗಾರರೇ, ಸಂಘವೂ ಹಳೆಯದೇ. ಆಡಳಿತದ ಕ್ರಮವೊಂದು ಮಾತ್ರ ಹೊಸದು. ಸಾಲಿನುದ್ದಕ್ಕೂ ಒಂದು ಹಗ್ಗವನ್ನು ಕಟ್ಟಲಾಗಿತ್ತು. ತಪ್ಪನ್ನು ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದು. ಎಳೆದರೆ ತಂಡದ ಮುಖಂಡನು ನೆರವಿಗೆ ಧಾವಿಸುವನು. ತಪ್ಪು ಆಗಲೂ ನೇರ್ಪಡದಿದ್ದರೆ ಇಡೀ ಸಾಲು ನಿಲ್ಲುವುದು. ಎಳೆದವನಿಗೆ ದಂಡನೆಯಿಲ್ಲ. ಅಧಿಕಾರಿಗಳೂ ಕೆಲಸಗಾರರೂ ಒಂದೇ ಭೋಜನಶಾಲೆಯಲ್ಲಿ ಉಣ್ಣುವರು. ಕೆಲವು ವರ್ಷಗಳ ತರುವಾಯ ಮಾರಾಟವು ಕುಗ್ಗಿದಾಗಲೂ ಸಂಸ್ಥೆಯು ಯಾರನ್ನೂ ಮನೆಗೆ ಕಳುಹಿಸದೆ, ಬಿಡುವಾದ ಕೈಗಳಿಗೆ ಶಿಕ್ಷಣವನ್ನು ಕೊಟ್ಟಿತು. ಗೈರುಹಾಜರಿಯು ಬಹಳವಾಗಿ ಇಳಿಯಿತು. ವಾಹನಗಳ ಗುಣವು ಏರಿತು.

ಮನುಷ್ಯರು ಅವರೇ ಆಗಿರಲು ನಡತೆಯು ಬದಲಾದುದೇಕೆ? ಕಣ್ಣೆದುರಿಗೆ ಕೆಡುತ್ತಿರುವ ಕೆಲಸವನ್ನು ನೋಡಿಯೂ ಸುಮ್ಮನಿರಬೇಕೆಂದು ವಿಧಿಸಿದರೆ, ಆಳಿನ ಕೈ ಚಲಿಸುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಮನಸ್ಸಿಲ್ಲದ ದುಡಿಮೆಯನ್ನು ಕಾಯಕವೆಂದು ಕರೆಯಲಾಗದು. ಆ ಮನಸ್ಸನ್ನು ಹೊರದೂಡಿದವನು ಯಜಮಾನನಾಗಿರುವಲ್ಲಿ ಪಾಪದ ಪಾಲೂ ಅವನದೇ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಆ ಮನ್ನಣೆಯೂ ಲಾಭಕ್ಕಾಗಿಯೇ ಅಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ. ಹೊಸ ಕ್ರಮದಲ್ಲಿ ಕೆಲಸದ ವೇಗವು ಕಠಿಣವಾಯಿತೆಂದು ದೂರಿದವರು ಆಗಲೂ ಇದ್ದರು. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿಗೆ ಸಿಕ್ಕಿ ಪಾಲುಗಾರಿಕೆಯಿಂದ ಹೊರಬಂದಿತು. 2010ರ ಏಪ್ರಿಲ್ ತಿಂಗಳಲ್ಲಿ ಕಾರ್ಖಾನೆಯೇ ನಿಂತಿತು. ಸಾವಿರಾರು ಮಂದಿ ಕೆಲಸವನ್ನು ಕಳೆದುಕೊಂಡರು. ಹಗ್ಗವನ್ನೆಳೆಯುವ ಅಧಿಕಾರವು ಸಾಲನ್ನು ನಿಲ್ಲಿಸಬಲ್ಲುದಾಗಿತ್ತು. ಆ ನಿರ್ಣಯವನ್ನು ನಿಲ್ಲಿಸಲಾರದೆ ಹೋಯಿತು. ಫಲಕ್ಕಾಗಿ ತೋರಿದ ಮನ್ನಣೆಯು ಫಲದೊಡನೆಯೇ ತೀರುವುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಶರಣರ ಮಾರ್ಗವು ಇದಕ್ಕಿಂತ ಆಳವಾದುದು. ಕಲ್ಯಾಣದ ಅನುಭವಮಂಟಪದಲ್ಲಿ ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ಮಂತ್ರಿಯಾದ ಬಸವಣ್ಣನವರ ಸಮಕ್ಷಮದಲ್ಲಿ ಕುಳಿತು ನಿರ್ಭಯವಾಗಿ ನುಡಿದರು. ಮಾರಯ್ಯನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಹಿಂದಕ್ಕೆ ಸುರಿದು ಬರುವಂತೆ ತಿದ್ದಿದವಳು ಆತನ ಮಡದಿ ಲಕ್ಕಮ್ಮ. ತಿದ್ದುವ ಆ ಮಾತಿನಿಂದ ಯಾರಿಗೂ ಲಾಭವಿರಲಿಲ್ಲ. ಮನೆಗೆ ಬಂದ ಅಕ್ಕಿಯೂ ಹೊರಗೆ ಹೋಯಿತು. ಆದರೂ ಮಾರಯ್ಯನು ಕೇಳಿದನು. ಸತ್ಯವನ್ನು ಸತ್ಯವೆಂದೇ ಕೇಳುವ ಈ ವಿನಯವೇ ಮೇಲಿರುವವನ ಕಾಯಕ.

ಸದ್ಭಕ್ತರಾದ ಗೃಹಸ್ಥರಲ್ಲಿ ಹೊಲಕ್ಕೆ ಆಳನ್ನು ಕರೆಯುವವರುಂಟು. ಅಂಗಡಿಯಲ್ಲಿ ಗುಮಾಸ್ತನನ್ನು, ಗಿರಣಿಯಲ್ಲಿ ಕೂಲಿಗಳನ್ನು ಇಟ್ಟುಕೊಂಡವರುಂಟು. ‘ಧಣಿಗಳೇ, ಇಲ್ಲಿ ತಪ್ಪಾಗುತ್ತಿದೆ’ ಎಂದು ಆ ಆಳು ಅಂಜದೆ ಹೇಳಬಲ್ಲನೇ? ಹೇಳಿದ ದಿನವೂ ಅವನ ಕೂಲಿಯು ಪೂರ್ಣವಾಗಿ ಕೈಸೇರುವುದೇ? ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿಯುವ ಮುನ್ನ ಪ್ರತಿಯೊಬ್ಬ ಯಜಮಾನನೂ ಈ ಎರಡು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳತಕ್ಕದ್ದು.