ಸಂಬಳ ಕೊಳ್ಳುವುದು ಏನನ್ನು?

ತನಿಖೆಗೆ ಬಂದ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಕೆಡಿಸದೆ, ಅದರ ಪ್ರತಿಯನ್ನೇ ವರ್ಚುಯಲ್ ಯಂತ್ರವಾಗಿ ಓಡಿಸಿ ನೋಡುವ ತಂತ್ರಾಂಶವೊಂದನ್ನು ಇಂಗ್ಲೆಂಡಿನ ಎಂಡಿ-ಫೈವ್ ಸಂಸ್ಥೆಯ ಉದ್ಯೋಗಿಯೊಬ್ಬರು ಬರೆದರು. ಸಂಸ್ಥೆ ಅದನ್ನು ಮಾರಿತು. ಕೆಲಸ ಬಿಟ್ಟ ಮೇಲೆ ಅವರು ಹಕ್ಕು ತಮ್ಮದೆಂದರು: ಬರೆದದ್ದು ಮನೆಯಲ್ಲಿ, ಬಿಡುವಿನಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ. 2021ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಆ ತಂತ್ರಾಂಶ ಬರೆಯುವುದು ಅವರ ಉದ್ಯೋಗದ ಕರ್ತವ್ಯವೇ ಆಗಿದ್ದರಿಂದ, ಎಲ್ಲಿ ಕೂತು ಬರೆದರೆಂಬುದು ಮುಖ್ಯವಾಗಲಿಲ್ಲ.

ಅಮೆರಿಕದ ಅವ್ಟೆಕ್ ಸಿಸ್ಟಮ್ಸ್ ಪ್ರಕರಣ ಇನ್ನೊಂದು ದಿಕ್ಕಿಗೆ ಹೋಯಿತು. ಅಲ್ಲಿಯೂ ಉದ್ಯೋಗಿಯೊಬ್ಬರು ಉಪಗ್ರಹಗಳ ಕಕ್ಷೆಗೆ ಸಂಬಂಧಿಸಿದ ತಂತ್ರಾಂಶವನ್ನು ಮನೆಯಲ್ಲಿ ಬರೆದಿದ್ದರು. ಅದನ್ನು ಮಾಲೀಕರ ಸೇವೆಗೆಂದು ಬರೆದದ್ದಲ್ಲ ಎಂದು ಕಂಡ ನ್ಯಾಯಾಲಯ ಉದ್ಯೋಗಿಯ ಪರ ತೀರ್ಪಿತ್ತಿತು. 1995ರಲ್ಲಿ ಮೇಲ್ಮನವಿಯಲ್ಲೂ ಅದು ಉಳಿಯಿತು.

ಎರಡೂ ತೀರ್ಪುಗಳು ಸರಿಯೇ. ಆಫೀಸಿನಲ್ಲಿ ಬಿಡಿಸಲಾಗದ ತೊಡಕು ಸ್ನಾನದ ಮನೆಯಲ್ಲಿ ಬಿಡಿಸಿಕೊಳ್ಳುವ ವೃತ್ತಿಯಲ್ಲಿ ಗಡಿಯಾರ ನೋಡಿ ಒಡೆತನ ಹೇಳಲಾಗದು. ಕೇಳಬೇಕಾದದ್ದು ಒಂದೇ: ಇದನ್ನು ಮಾಡಲೆಂದೇ ಸಂಬಳ ಕೊಟ್ಟರೇ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಈ ಪ್ರಶ್ನೆಯನ್ನೇ ಕೇಳುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಅದರ ದೃಷ್ಟಿಯಲ್ಲಿ ಸಾಹಿತ್ಯ ಕೃತಿ. ಉದ್ಯೋಗದ ಭಾಗವಾಗಿ ಹುಟ್ಟಿದ ಕೃತಿಗೆ ಮಾಲೀಕನೇ ಮೊದಲ ಹಕ್ಕುದಾರ ಎನ್ನುತ್ತದೆ 17ನೇ ಕಲಮು; ಹೊರಗೆ ಹುಟ್ಟಿದ್ದರ ಮೇಲೆ ಆ ಹಕ್ಕನ್ನು ಕೊಡುವುದಿಲ್ಲ. ಆದರೆ ಮುಂದೆ ಹುಟ್ಟಲಿರುವ ಕೃತಿಯ ಹಕ್ಕನ್ನು ಈಗಲೇ ಬರೆದುಕೊಡಲು 18ನೇ ಕಲಮು ಅವಕಾಶ ಮಾಡಿದೆ. ನೇಮಕಾತಿ ಪತ್ರದ ಜೊತೆಗೆ ಬರುವ ಒಪ್ಪಂದ ನುಸುಳುವುದು ಇಲ್ಲಿಂದಲೇ. 'ಉದ್ಯೋಗದ ಅವಧಿಯಲ್ಲಿ ಸೃಷ್ಟಿಸಿದ್ದೆಲ್ಲವೂ ಸಂಸ್ಥೆಯದು' ಎಂಬ ಷರತ್ತಿನಲ್ಲಿ ಕೆಲಸ ಹೋಗಿ ಅವಧಿ ಬಂದಿದೆ. ಕೆಲಸಕ್ಕೆ ಕೊಟ್ಟ ಹಣ ಇಡೀ ಆಯುಷ್ಯದ ತುಂಡೊಂದನ್ನು ಕೊಂಡಂತಾಯಿತು.

ಪೈಪೋಟಿಯ ಸಂಸ್ಥೆಗೆ ಗುಟ್ಟಾಗಿ ದುಡಿಯುವವರಿದ್ದಾರಲ್ಲ ಎಂಬ ಮಾಲೀಕರ ಆತಂಕ ಸುಳ್ಳಲ್ಲ. 2022ರಲ್ಲಿ ಬೆಂಗಳೂರಿನ ವಿಪ್ರೋ ಇಂಥ ಕಾರಣಕ್ಕೆ 300 ಮಂದಿಯನ್ನು ಕೆಲಸದಿಂದ ತೆಗೆಯಿತು. ನಂಬಿಕೆದ್ರೋಹಕ್ಕೆ ಅದು ಶಿಕ್ಷೆ. ಸಂಸ್ಥೆಯ ಗುಟ್ಟು ಕದ್ದರೆ ಅದಕ್ಕೂ ದಾವೆ ಹೂಡಬಹುದು. ಆದರೆ ಶಿಸ್ತಿನ ಪ್ರಶ್ನೆಯನ್ನು ಆಸ್ತಿಯ ಪ್ರಶ್ನೆಯಾಗಿ ಮಾಡಿಕೊಂಡಾಗ, ಯಾರಿಗೂ ದ್ರೋಹ ಮಾಡದೆ ರಾತ್ರಿ ಕೂತು ನಿಘಂಟಿನ ಆ್ಯಪ್ ಬರೆಯುವವಳೂ ಅದೇ ಬಲೆಗೆ ಬೀಳುತ್ತಾಳೆ.

ಕ್ಯಾಲಿಫೋರ್ನಿಯಾ 1979ರಲ್ಲೇ ಇದಕ್ಕೆ ಬೇಲಿ ಹಾಕಿತು. ಸ್ವಂತ ವೇಳೆಯಲ್ಲಿ, ಸಂಸ್ಥೆಯ ಸಲಕರಣೆಯಾಗಲಿ ಗುಟ್ಟಾಗಲಿ ಬಳಸದೆ ಮಾಡಿದ ಆವಿಷ್ಕಾರವನ್ನು ಕಸಿಯುವ ಷರತ್ತು ಅಲ್ಲಿ ಊರ್ಜಿತವಲ್ಲ. ಆದರೆ ಸಂಸ್ಥೆಯ ವ್ಯವಹಾರಕ್ಕೆ ಸಂಬಂಧಪಟ್ಟದ್ದಕ್ಕೆ ಈ ರಕ್ಷಣೆ ಇಲ್ಲ. ನಕ್ಷೆ, ವಿಡಿಯೊ, ಜಾಹೀರಾತು, ಕಾರು ಎಲ್ಲದರಲ್ಲೂ ಕೈಯಿಟ್ಟ ದೈತ್ಯ ಸಂಸ್ಥೆಯಲ್ಲಿರುವವರಿಗೆ ಸಂಬಂಧಪಡದ್ದು ಎಂದು ಉಳಿಯುವುದಾದರೂ ಏನು? 2017ರಲ್ಲಿ ತಂತ್ರಾಂಶ ಸಂಸ್ಥೆ ಗಿಟ್‌ಹಬ್ ತಾನಾಗಿಯೇ ತನ್ನ ಉದ್ಯೋಗಿಗಳ ಒಪ್ಪಂದವನ್ನು ಸಡಿಲಿಸಿ, ಬಿಡುವಿನ ಸ್ವಂತ ಕೆಲಸಕ್ಕೆ ಕಂಪನಿಯ ಲ್ಯಾಪ್‌ಟಾಪ್ ಬಳಸಿದರೂ ಹಕ್ಕು ಉದ್ಯೋಗಿಗೇ ಉಳಿಯುವಂತೆ ಮಾಡಿತು. ಬೇರೆಯವರೂ ಬಳಸಿಕೊಳ್ಳಲೆಂದು ಆ ಒಪ್ಪಂದವನ್ನು ಪ್ರಕಟಿಸಿತು ಕೂಡ.

ಇಂಥ ರಕ್ಷಣೆ ಇಲ್ಲದಲ್ಲಿ ಎಚ್ಚರವೊಂದೇ ದಾರಿ. ಎಂಐಟಿ ಹಕ್ಕು ಹೂಡಬಾರದೆಂದು ರಿಚರ್ಡ್ ಸ್ಟಾಲ್ಮನ್ 1984ರ ಜನವರಿಯಲ್ಲಿ ಅಲ್ಲಿನ ನೌಕರಿಯನ್ನೇ ಬಿಟ್ಟು ಗ್ನೂ ಎಂಬ ಮುಕ್ತ ತಂತ್ರಾಂಶ ಬರೆಯಲು ಕೂತರು. ಎಚ್‌ಪಿಯಲ್ಲಿದ್ದ ಸ್ಟೀವ್ ವೋಜ್ನಿಯಾಕ್ ತಾವು ರೂಪಿಸಿದ ಕಂಪ್ಯೂಟರನ್ನು ಮೊದಲು ಮಾಲೀಕರ ಮುಂದಿಟ್ಟು, ಅವರು ಬೇಡವೆಂದ ಮೇಲೆಯೇ ಆಪಲ್‌ಗೆ ತಂದರು. ವೋಜ್ನಿಯಾಕ್ ಮಾಡಿದ್ದನ್ನು ಬೆಂಗಳೂರಿನ ಎಂಜಿನಿಯರೂ ಮಾಡಬಹುದು. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೆ ಮಾಲೀಕರ ಒಪ್ಪಿಗೆ ಕೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು? ಅದಕ್ಕೇ ಇದನ್ನು ವ್ಯಕ್ತಿಯ ಧೈರ್ಯಕ್ಕೆ ಬಿಡದೆ, ಉದ್ಯೋಗದ ಕರ್ತವ್ಯಕ್ಕೆ ಹೊರತಾದ ಕೃತಿಯ ಹಕ್ಕನ್ನು ನೇಮಕಾತಿಯ ಷರತ್ತಾಗಿ ಬರೆಸಿಕೊಳ್ಳುವಂತಿಲ್ಲ ಎಂಬ ಸಾಲನ್ನು ಸಂಸತ್ತು 18ನೇ ಕಲಮಿಗೆ ಸೇರಿಸಬೇಕು.