ಹುಡುಕಿದರೆ ದ್ರೋಹವಾ?

ಹೊಸದಾಗಿ ಪರಿಚಯ ಆದವರನ್ನ ಹೆಸರು ಕೇಳಿದ ಮೇಲೆ ನಾವು ಕೇಳೋದು, "ನೇಟಿವ್ ಯಾವುದು?" ಬೆಂಗಳೂರಲ್ಲೇ ಹುಟ್ಟಿ ಬೆಳೆದೆ ಅಂದ್ರೂ ಬಿಡಲ್ಲ. "ಅದ್ಸರಿ, ಮೂಲ?" ಕೇಳೋದು ಪ್ರೀತಿಯಿಂದಾನೇ. ಆದರೆ ಆ ಪ್ರಶ್ನೆಯಲ್ಲಿ ಒಂದು ನಂಬಿಕೆ ಅಡಗಿದೆ: ಮನುಷ್ಯ ನಿಜಕ್ಕೂ ಯಾರು ಅನ್ನೋದು ಅವನು ಬೆಳೆದ ಮನೆಯಲ್ಲಿಲ್ಲ, ಅದಕ್ಕೂ ಹಿಂದೆ ಎಲ್ಲೋ ಇದೆ ಅಂತ.

ಸ್ಕಾಟ್ಲೆಂಡಿನ ಕವಿ ಜಾಕಿ ಕೇ ಈ ಪ್ರಶ್ನೆಯನ್ನ ಹೊತ್ತುಕೊಂಡೇ ಬೆಳೆದವರು. ಹುಟ್ಟಿದ್ದು 1961ರಲ್ಲಿ, ಎಡಿನ್‌ಬರೋದಲ್ಲಿ. ಹೆತ್ತಮ್ಮ ಸ್ಕಾಟ್ಲೆಂಡಿನದೇ ಬಿಳಿ ಹೆಣ್ಣುಮಗಳು, ಅಪ್ಪ ನೈಜೀರಿಯಾದಿಂದ ಓದಲು ಬಂದಿದ್ದ ವಿದ್ಯಾರ್ಥಿ. ಮಗುವನ್ನ ದತ್ತು ತಗೊಂಡಿದ್ದು ಗ್ಲಾಸ್ಗೋದ ಹೆಲೆನ್ ಮತ್ತು ಜಾನ್ ಕೇ ಅನ್ನೋ ಬಿಳಿಯ ದಂಪತಿ. ಪ್ರೀತಿಗೆ ಕೊರತೆ ಇರಲಿಲ್ಲ. ಆದರೂ ಚಿಕ್ಕವಳಿದ್ದಾಗ ಒಂದು ಕೌಬಾಯ್ ಸಿನಿಮಾ ನೋಡ್ತಾ, ಅಮ್ಮನ ಬಣ್ಣ ತನ್ನ ಬಣ್ಣ ಅಲ್ಲ ಅಂತ ಹೊಳೆದು ಅತ್ತುಬಿಟ್ಟಿದ್ದರಂತೆ.

"ನಮಗೆ ಬಣ್ಣ ಕಾಣಿಸೋದೇ ಇಲ್ಲ" ಅನ್ನೋದು ಕೇಳೋಕೆ ಚೆಂದ. ಆದರೆ ಬೀದಿಗೆ ಕಾಣಿಸುತ್ತಲ್ಲ? ಸ್ಕೂಲಿಗೆ ಕಾಣಿಸುತ್ತಲ್ಲ? ಮಗುವಿಗೆ ದಿನಾ ಎದುರಾಗೋದನ್ನ ಮನೆಯವರು "ಇಲ್ಲವೇ ಇಲ್ಲ" ಅಂದುಬಿಟ್ಟರೆ, ಅದನ್ನ ಮಗು ಒಂಟಿಯಾಗಿ ಹೊರಬೇಕಾಗುತ್ತೆ.

ಇನ್ನೊಂದು ಮಾತು ಬರುತ್ತೆ: "ಸಾಕಿದವರು ಇರುವಾಗ ಹೆತ್ತವರನ್ನ ಯಾಕೆ ಹುಡುಕಬೇಕು? ಋಣ ಮರೆತ ಹಾಗಲ್ವಾ?" ಜಾಕಿ ಹುಡುಕಿದರು. ಸಾಕಿದವರು ಬೆನ್ನಿಗೆ ನಿಂತರು. 2010ರ 'ರೆಡ್ ಡಸ್ಟ್ ರೋಡ್' ಪುಸ್ತಕದಲ್ಲಿ ಆ ಕಥೆ ಇದೆ. ನೈಜೀರಿಯಾದ ಅಬುಜಾದಲ್ಲಿ, ಒಂದು ಹೋಟೆಲಿನಲ್ಲಿ ಹೆತ್ತಪ್ಪ ಸಿಕ್ಕರು. ಆತ ಆಗ ಕಟ್ಟಾ ಕ್ರೈಸ್ತ. ಮಗಳ ಎದುರು ಗಂಟೆಗಟ್ಟಲೆ ಪ್ರಾರ್ಥನೆ ಮಾಡಿದರು. ಅವರ ಪಾಲಿಗೆ ಆಕೆ ಹಳೆಯ ಪಾಪದ ಕುರುಹು. ಮನೆಯವರಿಗೆ ಹೇಳೋ ಮನಸ್ಸಿರಲಿಲ್ಲ. ಆದರೆ ಮುಂದೆ ಭೇಟಿಯಾದ ಅದೇ ಅಪ್ಪನ ಮಗ ಜಾಕಿಯನ್ನ ಅಕ್ಕರೆಯಿಂದ ಬರಮಾಡಿಕೊಂಡ.

ರಕ್ತ ಒಂದೇ. ಒಬ್ಬರು ಬಾಗಿಲು ಹಾಕಿಕೊಂಡರು, ಇನ್ನೊಬ್ಬರು ತೆರೆದರು. ಅಂದಮೇಲೆ ಸಂಬಂಧವನ್ನ ಮಾಡೋದು ರಕ್ತ ಅಲ್ಲ, ಮನುಷ್ಯರು. ಹಾಗಂತ ಹುಡುಕಾಟ ದಂಡ ಅಲ್ಲ. 'ಎಲ್ಲಿಂದ ಬಂದೆ' ಅನ್ನೋದು ಬೇರೆ ಪ್ರಶ್ನೆ, 'ಯಾರು ನಾನು' ಅನ್ನೋದು ಬೇರೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಮೇಲೇ ಎಷ್ಟೋ ಜನಕ್ಕೆ ಎರಡನೆಯದನ್ನ ನೆಮ್ಮದಿಯಿಂದ ಕೇಳಿಕೊಳ್ಳೋಕೆ ಆಗೋದು.

ಕರ್ಣನನ್ನ ನೆನಪಿಸಿಕೊಳ್ಳಿ. ಹುಟ್ಟಿನ ಗುಟ್ಟು ಅವನ ಕಿವಿಗೆ ಬಿದ್ದಿದ್ದು ಯುದ್ಧ ಹತ್ತಿರ ಬಂದಾಗ, ಹೇಳಿದವರಿಗೆ ಅವನಿಂದ ಏನೋ ಬೇಕಾದಾಗ. ಆಗಲೂ ಅವನು ರಾಧೇಯನಾಗಿಯೇ ಉಳಿದ. ಸತ್ಯ ತಿಳಿದ ಮಾತ್ರಕ್ಕೆ ರಾಧೆ ಮಗನನ್ನ ಕಳಕೊಳ್ಳಲಿಲ್ಲ. ಅನ್ಯಾಯ ಆಗಿದ್ದು ಅವನದೇ ಸತ್ಯ ಅಷ್ಟು ವರ್ಷ ಬೇರೆಯವರ ಕೈಲಿ ಇದ್ದಿದ್ದರಿಂದ.

ದತ್ತು ಬಂದ ಮಗು ಸಾಲ ಮಾಡಿಲ್ಲ, ಕೃತಜ್ಞತೆಯ ಕಂತು ಕಟ್ಟೋಕೆ. ಹೆತ್ತವರು, ಸಾಕಿದವರು ಅಂತ ಒಂದು ಕಡೆಯನ್ನ ಆರಿಸಿಕೋ ಅನ್ನೋ ಹಕ್ಕು ನಮಗ್ಯಾರಿಗೂ ಇಲ್ಲ. ಹುಡುಕೋದು, ಹುಡುಕದೇ ಇರೋದು ಎರಡೂ ಅವರಿಗೆ ಬಿಟ್ಟಿದ್ದು.

ಮುಂದಿನ ಸಲ ಯಾರಾದ್ರೂ "ನಾನು ಇಲ್ಲಿಯವಳೇ" ಅಂದ್ರೆ, "ಅದ್ಸರಿ, ಮೂಲ?" ಅನ್ನೋ ಮುಂಚೆ ಒಂದು ಕ್ಷಣ ತಡೀರಿ. ಆಕೆ ಆಗಲೇ ಉತ್ತರ ಕೊಟ್ಟಾಗಿದೆ. ಉಳಿದದ್ದು ಹೇಳೋದು ಬಿಡೋದು ಆಕೆಯ ಇಷ್ಟ.