ಮೂರು ತೋಳು

ಗುರುವಾರ ನನ್ನ ಮಗಳ ಪಾಪುವಿಗೆ ಒಂದೂವರೆ ತಿಂಗಳ ಲಸಿಕೆ. ಮಗಳಿಗೆ ಹಿಂದಿನ ರಾತ್ರಿಯಿಂದಲೇ ಊಟ ಸೇರಿರಲಿಲ್ಲ. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ತಾಯಿ ಕಾರ್ಡ್ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋದೆವು. ತೂಕ 4 ಕಿಲೋ 300 ಗ್ರಾಂ. ಹುಟ್ಟಿದಾಗ 3 ಕಿಲೋಗೂ ಕಡಿಮೆ ಇದ್ದ ಜೀವ ಬರೀ ಎದೆಹಾಲು ಕುಡಿದು ಇಷ್ಟಾಗಿದೆ.

ಮಗಳು ಕೂಸಿನ ಎಡತೋಳು ತೋರಿಸಿ, "ಸಿಸ್ಟರ್, ಇಲ್ಲಿ ಗುಳ್ಳೆ ಎದ್ದಿದೆ, ಕೀವಾದ ಹಾಗಿದೆ" ಎಂದಳು. ಹುಟ್ಟಿದಾಗ ಬಿಸಿಜಿ ಹಾಕಿದ ಜಾಗ ಅದು. "ಅದು ಹಾಗೇ ಆಗೋದು ಕಣಮ್ಮ. ಏನೂ ಹಚ್ಚಬೇಡ, ಹಿಸುಕಬೇಡ. ತಾನಾಗೇ ಒಣಗಿ ಕಲೆ ಉಳಿಯುತ್ತೆ" ಎಂದರು ಸಿಸ್ಟರ್. ಹೆಸರುಕಾಳಿನಷ್ಟು ಗುಳ್ಳೆ, ಸುತ್ತ ತೆಳುಗೆಂಪು. ಕ್ಷಯ ತಡೆಯುವ ಈ ಲಸಿಕೆಗಾಗಿ ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ದನಗಳ ಕ್ಷಯದ ರೋಗಾಣುವನ್ನು 13 ವರ್ಷ, 230 ಸಲ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆ ಇಳಿಸಿದರು. 1921ರಲ್ಲಿ ಮೊದಲ ಸಲ ಒಂದು ಹಸುಗೂಸಿಗೆ ಕೊಟ್ಟರು. ಅವರ ಆ ತಾಳ್ಮೆ ನಮ್ಮ ಮನೆಯ ಕೂಸಿನ ತೋಳಿನ ಮೇಲೆ ಕಾಳಿನಂತೆ ಮೊಳೆತಿದೆ.

ಮಗಳ ತೋಳಿನಲ್ಲೂ ಅದೇ ಕಲೆಯಿದೆ. ನನ್ನ ತೋಳಿನಲ್ಲಿರುವುದು ಬೇರೆ: ನಾಲ್ಕಾಣೆ ಅಗಲದ ಎರಡು ಗುಂಡು ಗುರುತು. ಸಿಡುಬು ಬಾರದಿರಲೆಂದು ದಾಕು ಹಾಕಿದ್ದು. ದಾಕಿನವರು ಬಂದರೆಂದರೆ ನಾವು ಹುಲ್ಲಿನ ಬಣವೆಯ ಹಿಂದೆ ಅಡಗುತ್ತಿದ್ದೆವು. ನಮ್ಮಜ್ಜಿಯೇ ಹುಡುಕಿ ಕೈಹಿಡಿದು ಎಳೆದು ತಂದು ಕೂರಿಸುತ್ತಿದ್ದಳು. ಸಿಡುಬಿಗೆ ಎರಡು ಮಕ್ಕಳನ್ನು ಕೊಟ್ಟವಳು ಆಕೆ. ಆ ರೋಗದ ಹೆಸರನ್ನು ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ, 'ಅಮ್ಮ' ಎಂದಷ್ಟೇ ಅನ್ನುತ್ತಿದ್ದಳು. 1975ರಲ್ಲಿ ಅದು ಭಾರತ ಬಿಟ್ಟಿತು, 1980ರಲ್ಲಿ ಭೂಮಿಯ ಮೇಲೆಯೇ ಇಲ್ಲವೆಂದು ಸಾರಿದರು. ಹಾಗಾಗಿ ನನ್ನ ಮಗಳಿಗೆ ಆ ಗುರುತಿಲ್ಲ.

ಬಾಯಿಗೆ ಹನಿ ಹಾಕಿದಾಗ ಕೂಸು ಚಪ್ಪರಿಸಿತು. ಬಲತೋಳಿಗೆ ಒಂದು ಸೂಜಿ, ಎರಡು ತೊಡೆಗೂ ಒಂದೊಂದು. "ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ" ಎಂದರು. ಹಿಡಿದೆ. ಒಂದು ಕ್ಷಣ ಬಾಯಿ ತೆರೆದೇ ಇತ್ತು, ಮುಖ ಕೆಂಪಗಾಯಿತು, ದನಿಯೇ ಇಲ್ಲ. ಆಮೇಲೆ ಬಂತು ಅಳು. ತಾಯಿಯ ಮಡಿಲಿಗೆ ಹೋಗಿ ಹಾಲು ಬಾಯಿಗೆ ಸಿಕ್ಕಿದ್ದೇ ನಿಂತುಹೋಯಿತು. ಅಳು ನಿಂತಿದ್ದು ಮಗುವಿನದು, ಮಗಳದ್ದಲ್ಲ.

ಅರ್ಧ ಗಂಟೆ ಅಲ್ಲೇ ಕೂರಿಸಿದರು. ನನ್ನ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಈ ಕೂಸಿಗೆ ನೋವೂ ನೆನಪಿರುವುದಿಲ್ಲ, ಚುಚ್ಚಿದವರ ಮುಖವೂ ನೆನಪಿರುವುದಿಲ್ಲ. ಆದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಎಂಬ ವೈರಿಗಳ ಗುರುತನ್ನು, ಅವನ್ನು ಒಮ್ಮೆಯೂ ಎದುರಿಸದೆ, ಅದರ ರಕ್ತ ಕಲಿಯಲು ಶುರುಮಾಡಿದೆ. ಅಮ್ಮ ಎನ್ನಲೂ ಬಾರದ ಮೈ ಇಷ್ಟು ಕಲಿಯಬಲ್ಲದೇ! ಒಂದೇ ಪಾಠಕ್ಕೆ ಗಟ್ಟಿಯಾಗದು, ಅದಕ್ಕೇ 10ನೇ ವಾರ, 14ನೇ ವಾರ ಮತ್ತೆ ಹೇಳಿಕೊಡುತ್ತಾರೆ. ಮರಳಿನ ಮೇಲೆ ಅ ಆ ತಿದ್ದಿಸಿದ ಹಾಗೆ.

ರಾತ್ರಿ ಮೈ ಬೆಚ್ಚಗಾಯಿತು. ಸಿಸ್ಟರ್ ಹೇಳಿದ ಅಳತೆಯಲ್ಲೇ ಜ್ವರದ ಹನಿ ಹಾಕಿದೆವು. ಮಗಳನ್ನು ಮಲಗಲು ಹೇಳಿ ನಾನು ಕೂಸನ್ನು ಎದೆಗೊರಗಿಸಿಕೊಂಡು ಕುಳಿತೆ. ಆ ಪುಟ್ಟ ಬಿಸಿ ನನ್ನ ಸೀರೆ ದಾಟಿ ಬರುತ್ತಿತ್ತು. ಒಳಗೆ ಪಾಠ ನಡೆಯುತ್ತಿದೆ ಅಂದುಕೊಂಡೆ, ಹೆದರಿಕೆಯಾಗಲಿಲ್ಲ. ಬೆಳಗಿನ ಜಾವಕ್ಕೆ ಹಣೆ ತಣ್ಣಗಾಗಿತ್ತು.

ತಾಯಿ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇವೆ. ಮುಂದಿನ ಲಸಿಕೆಯ ತಾರೀಕು ಬರೆದ ಪುಟ ಮೇಲಿದೆ.